ಎಲ್ಲರ ಕಾಡು, ಎಲ್ಲರ ಜಿಂಕೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕಾಡಿನ ಜಿಂಕೆ ಯಾರಪ್ಪನ ಸೊತ್ತೂ ಅಲ್ಲ. ಸಾವಿರ ಎಕರೆ ಜಮೀನುದಾರನ ಹೊಲದಲ್ಲೇ ಹುಟ್ಟಿ, ಅವನದೇ ಜೋಳ ತಿಂದು ಕೊಬ್ಬಿದ್ದರೂ ಅದು ಅವನದಾಗುವುದಿಲ್ಲ. ರಾಜ್ಯದ ಅಷ್ಟೂ ಜನರಿಗೆ ಸೇರಿದ್ದು. ಸರ್ಕಾರ ಕಾವಲುಗಾರ ಮಾತ್ರ. ಕಾನೂನಿನ ಪುಸ್ತಕದಲ್ಲಿ ಒಣಒಣವಾಗಿ ಕಾಣುವ ಈ ಮಾತಿಗೆ ಜೀವ ಬರುವುದನ್ನು ನೋಡಬೇಕಿದ್ದರೆ, ಸೆಪ್ಟೆಂಬರ್ 15ಕ್ಕೆ ಹತ್ತಿರದ ಶನಿವಾರ ನಸುಕಿಗೆ ಮುಂಚೆ ಅಲ್ಲಿನ ಯಾವುದಾದರೂ ಸಾರ್ವಜನಿಕ ಕಾಡಿನ ಅಂಚಿಗೆ ಹೋಗಬೇಕು. ಅಂದು ಬಿಲ್ಲಿನ ಬೇಟೆಯ ಮೊದಲ ದಿನ. ಬೇಟೆಗಾರರ ಬಾಯಲ್ಲಿ ಅದು ‘ಓಪನರ್’.

ಕೋವಿಯ ಬೇಟೆಗೆ ಅಲ್ಲಿ ನವೆಂಬರ್ ಮೂರನೇ ವಾರದವರೆಗೆ ಕಾಯಬೇಕು. ಮುಖ್ಯವಾದ ಕೋವಿ ಋತು ಒಂಬತ್ತು ದಿನದ್ದು, ಐದು ಲಕ್ಷಕ್ಕೂ ಹೆಚ್ಚು ಜನ ಕಾಡಿಗಿಳಿಯುವ ದೊಡ್ಡ ಜಾತ್ರೆ. ಬಿಲ್ಲಿನವರಿಗೆ ಹಾಗಲ್ಲ. ಸೆಪ್ಟೆಂಬರ್‌ನಿಂದ ಜನವರಿಯ ಮೊದಲ ವಾರದವರೆಗೆ, ಕೆಲವು ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಜನವರಿ ಮುಗಿಯುವವರೆಗೂ ಅವಕಾಶವಿದೆ. ಇಷ್ಟು ಧಾರಾಳವಾಗಿ ದಿನ ಕೊಟ್ಟಿರುವುದಕ್ಕೆ ಕಾರಣ ಸರಳ: ಬಿಲ್ಲು ಹಿಡಿದವನು ಬಹಳ ಸಲ ಬರಿಗೈಯಲ್ಲೇ ಮನೆಗೆ ಹೋಗುತ್ತಾನೆ. ಆಯುಧ ಎಷ್ಟು ದುರ್ಬಲವೋ ಅಷ್ಟು ಹೆಚ್ಚು ಸಮಯ, ಇದು ಲೆಕ್ಕ.

ಪಾರ್ಕಿಂಗ್ ಜಾಗವೆಂದರೆ ಜಲ್ಲಿ ಹಾಕಿದ ಪುಟ್ಟ ಅಂಗಳ, ಒಂದು ಮರದ ಫಲಕ. ಬೆಳಗಿನ ನಾಲ್ಕೂವರೆಗೆ ಅಲ್ಲಿ ಆಗಲೇ ನಾಲ್ಕೈದು ವಾಹನ ನಿಂತಿರುತ್ತವೆ. ಡೈರಿಯಲ್ಲಿ ಹಾಲು ಕರೆಯುವವ, ರಾತ್ರಿ ಪಾಳಿ ಮುಗಿಸಿ ನೇರ ಬಂದ ನರ್ಸ್, ಮ್ಯಾಡಿಸನ್ ನಗರದ ವಿದ್ಯಾರ್ಥಿ, ನಿವೃತ್ತ ಮೇಷ್ಟ್ರು ಹೀಗೆ ಯಾರೂ ಇರಬಹುದು. ರಾಜ್ಯದ ನಿವಾಸಿಗೆ ಪರವಾನಗಿಗೆ 24 ಡಾಲರ್. ಕೊಂಬಿನ ಗಂಡಿಗೆ ಒಂದು ಟ್ಯಾಗ್ (ಹೊಡೆಯುವ ಅನುಮತಿಯ ಚೀಟಿ), ಹೆಣ್ಣಿಗೆ ಬೇರೆ ಟ್ಯಾಗ್; ಹೆಣ್ಣಿನ ಟ್ಯಾಗಿನಲ್ಲಿ ಅದು ಯಾವ ಕೌಂಟಿಯದು, ಸಾರ್ವಜನಿಕ ಭೂಮಿಯದೋ ಖಾಸಗಿಯದೋ ಎಂದೂ ನಮೂದಾಗಿರುತ್ತದೆ. 1973ರ ಜನವರಿ 1 ಅಥವಾ ಆ ನಂತರ ಹುಟ್ಟಿದವರಾದರೆ ಬೇಟೆ ಸುರಕ್ಷತೆಯ ತರಬೇತಿ ಪಡೆದಿರಬೇಕು. ಮೊದಲು ಬಂದವನು ಯಾವ ದಿಕ್ಕಿಗೆ ಹೊರಟಿದ್ದಾನೆಂದು ಮೆಲುದನಿಯಲ್ಲಿ ಕೇಳಿಕೊಂಡು, ಎರಡನೆಯವನು ಬೇರೆ ದಿಕ್ಕು ಹಿಡಿಯುತ್ತಾನೆ. ಇದನ್ನು ಯಾವ ಕಾನೂನೂ ಹೇಳಿಲ್ಲ. ಆದರೆ ಹಕ್ಕು ಎಲ್ಲರದೂ ಆದ ಜಾಗದಲ್ಲಿ ಇಂಥ ಮರ್ಯಾದೆ ಇಲ್ಲದಿದ್ದರೆ ದಿನ ಸಾಗುವುದಿಲ್ಲ. ಆ ಮರ್ಯಾದೆ ಪ್ರತಿ ವರ್ಷ ಅಲ್ಲಲ್ಲಿ ಮುರಿಯುವುದೂ ಉಂಟು.

‘ಜಿಂಕೆ ಎಲ್ಲರದು’ ಎಂಬ ಈ ವಿಚಾರ ಹುಟ್ಟಿದ್ದು ಜಿಂಕೆಯಿಂದಲ್ಲ, ನ್ಯೂಜೆರ್ಸಿಯ ಕೊಲ್ಲಿಯೊಂದರ ಕೆಸರಿನಲ್ಲಿದ್ದ ಸಿಂಪಿಗಳಿಂದ. ಸಿಂಪಿ ತೆಗೆಯುವ ಹಕ್ಕು ನನ್ನೊಬ್ಬನದೇ ಎಂದು ಜಮೀನುದಾರನೊಬ್ಬ, ಇಂಗ್ಲೆಂಡಿನ ದೊರೆಯ ಕಾಲದ ಸನ್ನದು ಹಿಡಿದು ವಾದಿಸಿದ್ದ. ದೊರೆ ಹೋದ ಮೇಲೆ ಆ ಒಡೆತನ ಜನರಿಗೆ ಬಂತು, ಸರ್ಕಾರ ಅದನ್ನು ಜನರ ಪರವಾಗಿ ಕಾಯಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1842ರಲ್ಲಿ ತೀರ್ಪಿತ್ತಿತು. ಯುರೋಪಿನಲ್ಲಿ ಕಾಡು ದೊರೆಯದಾಗಿತ್ತು, ಜಿಂಕೆಯೂ ದೊರೆಯದಾಗಿತ್ತು. ಹಸಿದ ಬಡವ ಒಂದು ಜಿಂಕೆ ಹೊಡೆದರೆ ಘೋರ ಶಿಕ್ಷೆ. ಆ ನೆನಪು ಹೊತ್ತು ಬಂದವರ ದೇಶದಲ್ಲಿ ಈ ತೀರ್ಪು ಬೇರೂರಿದ್ದು ಸಹಜ.

ಆದರೆ ‘ಎಲ್ಲರದು’ ಎಂದರೆ ‘ಯಾರು ಬೇಕಾದರೂ ದೋಚಬಹುದು’ ಎಂದೇ ಮೊದಮೊದಲು ಅರ್ಥವಾಯಿತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಜಿಂಕೆಯ ಮಾಂಸ, ತೊಗಲು ರೈಲಿನಲ್ಲಿ ನಗರಗಳ ಮಾರುಕಟ್ಟೆಗೆ ಹೋದವು. ವ್ಯಾಪಾರಕ್ಕಾಗಿ ಕೊಲ್ಲುವವರಿಗೆ ಋತುವಿಲ್ಲ, ಮಿತಿಯಿಲ್ಲ. 1900ರ ಹೊತ್ತಿಗೆ ಇಡೀ ದೇಶದಲ್ಲಿ ಇದೇ ಜಾತಿಯ, ಅಂದರೆ ಬಿಳಿಬಾಲದ, ಜಿಂಕೆಗಳು ಅಂದಾಜು ಐದು ಲಕ್ಷಕ್ಕೆ ಇಳಿದಿದ್ದವು. ಅದೇ ವರ್ಷ ಬಂದ ಲೇಸಿ ಕಾಯ್ದೆ ಕಳ್ಳಬೇಟೆಯ ಮಾಲನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ಅಪರಾಧವಾಗಿಸಿತು. ಕ್ರಮೇಣ ರಾಜ್ಯಗಳು ಕಾಡುಜಿಂಕೆಯ ಮಾಂಸ ಮಾರುವುದನ್ನೇ ನಿಷೇಧಿಸಿದವು. ಇಂದಿಗೂ ಬೇಟೆಗಾರ ತಾನು ಹೊಡೆದದ್ದನ್ನು ತಿನ್ನಬಹುದು, ಹಂಚಬಹುದು, ಹಸಿದವರಿಗೆ ದಾನ ಕೊಡಬಹುದು. ಒಂದು ಕಿಲೋ ಕೂಡ ಮಾರುವಂತಿಲ್ಲ. ಅಮೆರಿಕದ ಹೋಟೆಲಿನಲ್ಲಿ ಸಿಗುವ ಜಿಂಕೆ ಮಾಂಸ ಫಾರ್ಮಿನಲ್ಲಿ ಸಾಕಿದ್ದು, ಬಹಳಷ್ಟು ನ್ಯೂಜಿಲೆಂಡಿನದು. ನನ್ನ ಪ್ರಕಾರ ಈ ಇಡೀ ವ್ಯವಸ್ಥೆಯ ಬೆನ್ನುಮೂಳೆ ಇದೇ. ಬೇಟೆಯಿಂದ ಹಣವನ್ನು ಬೇರ್ಪಡಿಸಿದ್ದರಿಂದ ಜಿಂಕೆ ಉಳಿಯಿತು.

ಉಳಿದರೆ ಸಾಲದು, ಕಾಯಲು ಖರ್ಚಿಗೆ ಬೇಕಲ್ಲ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1937ರಲ್ಲಿ, ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. ಬೇಟೆಯ ಕೋವಿ, ತೋಟಾಗಳ ಮೇಲಿನ ಶೇ 11ರ ತೆರಿಗೆ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗದೆ ನೇರವಾಗಿ ವನ್ಯಜೀವಿಗಳ ಕೆಲಸಕ್ಕೆ ಹೋಗಬೇಕು. ರಾಜ್ಯಗಳು ತಮ್ಮ ಪಾಲಾಗಿ ಖರ್ಚಿನ ಕಾಲುಭಾಗ ಹಾಕಬೇಕು. ಬೇಟೆ ಪರವಾನಗಿಯ ಹಣವನ್ನು ರಸ್ತೆಗೋ ಕಟ್ಟಡಕ್ಕೋ ತಿರುಗಿಸಿದರೆ ಕೇಂದ್ರದ ಹಣ ನಿಲ್ಲುತ್ತದೆ. 1972ರಲ್ಲಿ ಬಿಲ್ಲು ಬಾಣಗಳನ್ನೂ ಈ ತೆರಿಗೆಗೆ ಸೇರಿಸಿದರು. ಇಂದು ಬಿಳಿಬಾಲದ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ. ವಿಸ್ಕಾನ್ಸಿನ್ ಒಂದರಲ್ಲೇ ಹದಿನೈದು ಲಕ್ಷಕ್ಕೂ ಹೆಚ್ಚು.

ಆ ಕಾಡುಗಳಾದರೂ ‘ಸಾರ್ವಜನಿಕ’ ಆದದ್ದು ಹೇಗೆ? ಉತ್ತರ ವಿಸ್ಕಾನ್ಸಿನ್ ಒಂದು ಕಾಲಕ್ಕೆ ದೈತ್ಯ ಬಿಳಿ ಪೈನ್ ಮರಗಳ ನಾಡು. ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಮರದ ಕಂಪನಿಗಳು ಅದನ್ನು ಬೋಳಿಸಿ, ಬುಡಗಳ ಬಯಲನ್ನು ರೈತರಿಗೆ ಮಾರಿದವು. ಮರಳುಮಿಶ್ರಿತ ತಂಪು ನೆಲದಲ್ಲಿ ಬೇಸಾಯ ಕೈಹಿಡಿಯಲಿಲ್ಲ. ತೆರಿಗೆ ಕಟ್ಟಲಾಗದೆ ಜನ ಗುಳೆ ಹೋದರು. ಯಾರಿಗೂ ಬೇಡವಾದ ಭೂಮಿ ಕೌಂಟಿಗಳ ಪಾಲಾಯಿತು. 1920-30ರ ದಶಕಗಳಲ್ಲಿ ಅಲ್ಲಿ ಮತ್ತೆ ಕಾಡು ಬೆಳೆಸಿದರು. ಈಗ ಕೌಂಟಿ ಅರಣ್ಯಗಳೇ 24 ಲಕ್ಷ ಎಕರೆ, ಜೊತೆಗೆ ಶೆಕ್ವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯದ 15 ಲಕ್ಷ ಎಕರೆ. ಹಾಳುಬಿದ್ದ ನೆಲವೇ ಇಂದಿನ ಸಾರ್ವಜನಿಕ ಸಂಪತ್ತು.

ಅದಕ್ಕೂ ಹಿಂದಿನ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗುವುದು ಅನ್ಯಾಯ. ಆ ನೆಲ ಒಜಿಬ್ವೆ ಜನರದು. 1837 ಮತ್ತು 1842ರ ಒಪ್ಪಂದಗಳಲ್ಲಿ ಅವರು ಭೂಮಿ ಬಿಟ್ಟುಕೊಟ್ಟರು, ಆದರೆ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡು ಅಕ್ಕಿ ಕೊಯ್ಯುವ ಹಕ್ಕನ್ನು ಉಳಿಸಿಕೊಂಡರು. ಆ ಮಾತನ್ನು ರಾಜ್ಯ ನೂರು ವರ್ಷಕ್ಕೂ ಹೆಚ್ಚು ಕಾಲ ಮರೆತೇಬಿಟ್ಟಿತ್ತು. 1974ರಲ್ಲಿ ಒಜಿಬ್ವೆಯರ ಲಾಕ್ ಕೂಟ್ ಒರೇ ಬುಡಕಟ್ಟಿನ ಇಬ್ಬರು ಸಹೋದರರು ಬುಡಕಟ್ಟಿನ ಮೀಸಲು ಪ್ರದೇಶದ ಗಡಿಯಾಚೆ ಹೆಪ್ಪುಗಟ್ಟಿದ ಕೆರೆಯಲ್ಲಿ ಭರ್ಜಿಯಿಂದ ಮೀನು ಹಿಡಿದು ಮೊಕದ್ದಮೆಗೆ ಗುರಿಯಾದರು. ಅವರು ಸುಮ್ಮನಾಗಲಿಲ್ಲ. 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಂದದ ಹಕ್ಕು ಇನ್ನೂ ಜೀವಂತ ಎಂದು ಹೇಳಿತು. ಮುಂದಿನ ಕೆಲವು ವರ್ಷ ದೋಣಿಗಟ್ಟೆಗಳಲ್ಲಿ ಒಜಿಬ್ವೆ ಜನರ ಮೇಲೆ ಕಲ್ಲು, ಬೈಗುಳ ತೂರಿ ಬಂದವು. ಈಗ ಅದೇ ಕಾಡುಗಳಲ್ಲಿ ಬುಡಕಟ್ಟಿನವರಿಗೆ ಅವರದೇ ನಿಯಮಗಳ ಪ್ರತ್ಯೇಕ ಬೇಟೆ ಋತು ಇದೆ. ರಾಜ್ಯದ ‘ಮೊದಲ ದಿನ’ ಎಲ್ಲರಿಗೂ ಮೊದಲ ದಿನವಲ್ಲ.

ಮತ್ತೆ ಆ ನಸುಕಿಗೆ ಬರೋಣ. ಸೆಪ್ಟೆಂಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲರ ಸುಮಾರಿಗೆ. ಬಾಣ ಬಿಡಲು ಅನುಮತಿ ಅದಕ್ಕೆ ಅರ್ಧ ಗಂಟೆ ಮೊದಲಿನಿಂದ. ಅಷ್ಟರೊಳಗೆ ಬೇಟೆಗಾರ ಒಂದೆರಡು ಕಿಲೋಮೀಟರ್ ನಡೆದು, ಮರ ಹತ್ತಿ, ಐದಾರು ಮೀಟರ್ ಎತ್ತರದಲ್ಲಿ ಪುಟ್ಟ ಅಟ್ಟಣೆಯ ಮೇಲೆ ಅಲುಗಾಡದೆ ಕೂತಿರಬೇಕು. ಸಾರ್ವಜನಿಕ ಕಾಡಿನ ಮರಕ್ಕೆ ಮೊಳೆ, ತಿರುಪು ಹೊಡೆಯುವಂತಿಲ್ಲ. ಹಾಗಾಗಿ ಬೆನ್ನ ಮೇಲೆ ಹೊತ್ತೊಯ್ಯುವ ಹಗುರ ಅಟ್ಟಣೆ, ಪಟ್ಟಿಯಿಂದ ಬಿಗಿಯುವ ಮೆಟ್ಟಿಲು ಬೇಕು. ಅಟ್ಟಣೆಯ ಬದಲು ಕಾಂಡಕ್ಕೆ ಹಗ್ಗ ಕಟ್ಟಿ ಸೊಂಟದ ಪಟ್ಟಿಯಲ್ಲೇ ತೂಗಿಕೊಳ್ಳುವ ‘ಸ್ಯಾಡಲ್’ ಈಗ ಜನಪ್ರಿಯ. ಈ ಬೇಟೆಯಲ್ಲಿ ಜನ ಸಾಯುವುದು, ಕೈಕಾಲು ಮುರಿದುಕೊಳ್ಳುವುದು ಹೆಚ್ಚಾಗಿ ಮರದಿಂದ ಬಿದ್ದು. ನೆಲ ಬಿಟ್ಟ ಕ್ಷಣದಿಂದ ಮರಳಿ ನೆಲ ಮುಟ್ಟುವವರೆಗೆ ಮೈಪಟ್ಟಿ ಹಗ್ಗಕ್ಕೆ ಸಿಕ್ಕಿಸಿಯೇ ಇರಬೇಕು ಎಂದು ತರಬೇತಿಯಲ್ಲಿ ಮತ್ತೆ ಮತ್ತೆ ಹೇಳುತ್ತಾರೆ.

ಯಾವ ಮರ ಹತ್ತಬೇಕು? ಬಿಲ್ಲಿನ ಬೇಟೆಯ ಮುಕ್ಕಾಲು ಪಾಲು ವಿದ್ಯೆ ಈ ಪ್ರಶ್ನೆಯಲ್ಲೇ ಇದೆ. ನವೆಂಬರ್‌ನಲ್ಲಿ ಗಂಡುಗಳು ಬೆದೆಗೆ ಬಂದು, ಹೆಣ್ಣಿನ ವಾಸನೆ ಹಿಡಿದು ಹಗಲಲ್ಲೇ ಅಲೆಯುತ್ತವೆ. ಸೆಪ್ಟೆಂಬರ್‌ನಲ್ಲಿ ಅವಕ್ಕೆ ಹೊಟ್ಟೆಯೇ ಚಿಂತೆ. ಬೇಸಿಗೆಯುದ್ದಕ್ಕೂ ಕೊಂಬಿಗೆ ಹೊದ್ದಿದ್ದ ಮೃದುವಾದ ಪೊರೆಯನ್ನು ಪೊದೆಗಳಿಗೆ ಉಜ್ಜಿ ಆಗಷ್ಟೇ ಕಳಚಿರುತ್ತವೆ. ಕೆಂಗಂದು ಕೂದಲು ಉದುರಿ ಚಳಿಗಾಲದ ಬೂದುಗಂದು ಮೂಡುತ್ತಿರುತ್ತದೆ. ಒಟ್ಟಿಗೇ ಮೇಯುತ್ತಿದ್ದ ಗಂಡುಗಳ ಗುಂಪು ಒಡೆಯುವ ಕಾಲವೂ ಅದೇ. ಬಿಳಿ ಓಕ್ ಮರ ಕಾಯಿ ಉದುರಿಸಲು ಆರಂಭಿಸುವುದೂ ಆಗಲೇ. ಕೆಂಪು ಓಕ್‌ನ ಕಾಯಿಯಲ್ಲಿ ಟ್ಯಾನಿನ್ ಹೆಚ್ಚು, ಕಹಿ; ಬಿಳಿ ಓಕ್‌ನದು ಅಷ್ಟಿಲ್ಲ. ಒಂದೇ ಗುಡ್ಡದಲ್ಲಿ ಹತ್ತು ಬಿಳಿ ಓಕ್ ಇದ್ದರೂ ಈ ವಾರ ಕಾಯಿ ಉದುರಿಸುತ್ತಿರುವುದು ಎರಡೇ ಇರಬಹುದು. ಅವನ್ನು ಪತ್ತೆಮಾಡಿ, ಜಿಂಕೆಗಳು ಮಲಗುವ ದಟ್ಟ ಪೊದೆಯಿಂದ ಅಲ್ಲಿಗೆ ಬರುವ ಜಾಡು ಯಾವುದೆಂದು ಹಿಕ್ಕೆ, ಗೊರಸು, ಕಚ್ಚಿದ ಚಿಗುರು ನೋಡಿ ತಿಳಿದವನಿಗೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಗಾಳಿಯ ಕೈಯಲ್ಲಿದೆ. ಜಿಂಕೆಯ ಕಣ್ಣಿಗೆ ಕೆಂಪು, ಕಿತ್ತಳೆ ಬಣ್ಣಗಳು ನಮಗೆ ಕಂಡಂತೆ ಕಾಣುವುದಿಲ್ಲ. ಕೋವಿ ಋತುವಿನಲ್ಲಿ ಬೇಟೆಗಾರರು ಮಿನುಗುವ ಕಿತ್ತಳೆ ಬಟ್ಟೆ ತೊಟ್ಟರೂ ನಡೆಯುವುದು ಅದಕ್ಕೇ. ಮೂಗನ್ನು ಮಾತ್ರ ವಂಚಿಸಲಾಗದು. ನಸುಕಿನಲ್ಲಿ ತಂಪಾದ ಭಾರದ ಗಾಳಿ, ಗದ್ದೆಯಿಂದ ಗದ್ದೆಗೆ ನೀರು ಇಳಿದಂತೆ, ಗುಡ್ಡದ ಇಳಿಜಾರು ಹಿಡಿದು ಕಣಿವೆಗೆ ಹರಿಯುತ್ತದೆ. ಬಿಸಿಲು ನೆಲಕ್ಕೆ ತಾಗಿದ ಮೇಲೆ ಅದೇ ಗಾಳಿ ಬೆಚ್ಚಗಾಗಿ ಮೇಲಕ್ಕೆ ತಿರುಗುತ್ತದೆ. ಆರೂವರೆಗೆ ಸರಿಯಾಗಿದ್ದ ಮರ ಎಂಟೂವರೆಗೆ ತಪ್ಪು ಮರವಾಗಬಹುದು. ಗಾಳಿಯ ದಿಕ್ಕು ಹೊಂದದಿದ್ದರೆ ತಿಂಗಳುಗಟ್ಟಲೆ ಹುಡುಕಿ ಆರಿಸಿದ ಮರವನ್ನೂ ಬಿಟ್ಟು ಬೇರೆಡೆ ಹೋಗುವವನೇ ಅನುಭವಸ್ಥ.

ಇಷ್ಟೆಲ್ಲ ಪಾಡು ಆ ಇಪ್ಪತ್ತೈದು ಮೀಟರಿಗಾಗಿ. ಬಿಲ್ಲಿನ ಬೇಟೆಯ ನಿಜವಾದ ಅಂತರ ಅಷ್ಟೇ. ಇಂದಿನ ಬಿಲ್ಲುಗಳಲ್ಲಿ ಬಹುಪಾಲು ಕಾಂಪೌಂಡ್ ಬಿಲ್ಲುಗಳು. ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಎಂಬಾತ 1966ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ. ಬಿಲ್ಲಿನ ತುದಿಗಳಲ್ಲಿ ಕೇಂದ್ರ ತಪ್ಪಿಸಿ ಕೂರಿಸಿದ ಚಕ್ರಗಳಿವೆ. ಹೆದೆಯನ್ನು ಪೂರ್ತಿ ಎಳೆದಾಗ ಅವು ತಿರುಗಿ ಭಾರದ ಬಹುಪಾಲನ್ನು ತಾವೇ ಹೊರುತ್ತವೆ. 27 ಕಿಲೋ ಬಲದಿಂದ ಎಳೆದ ಬಿಲ್ಲನ್ನು ಐದಾರು ಕಿಲೋ ಬಲದಲ್ಲಿ ಹಿಡಿದು ನಿಲ್ಲಬಹುದು. ಬಾಣ ಸೆಕೆಂಡಿಗೆ 85 ಮೀಟರ್ ಆಸುಪಾಸಿನ ವೇಗದಲ್ಲಿ ಹಾರುತ್ತದೆ. ಬಹಳ ವೇಗವೇ. ಆದರೆ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. 27 ಮೀಟರ್ ದೂರದ ಜಿಂಕೆಗೆ ಹೆದೆಯ ಟಂಕಾರ ಕೇಳಿಸಿ ಕಾಲು ಸೆಕೆಂಡಿನಷ್ಟು ಕಳೆದ ಮೇಲೆ ಬಾಣ ಮುಟ್ಟುತ್ತದೆ. ಬೆದರಿದ ಜಿಂಕೆ ಓಡಲು ಮೊದಲು ಕಾಲು ಮಡಿಸಿ ಕುಸಿಯುತ್ತದೆ. ಕಾಲು ಸೆಕೆಂಡಿನಲ್ಲಿ ಅದರ ಬೆನ್ನು ಒಂದು ಗೇಣು ಕೆಳಗಿಳಿದಿರಬಹುದು. ಎದೆಗೆ ಇಟ್ಟ ಗುರಿ ಬೆನ್ನ ಮೇಲಿನಿಂದ ಹಾದುಹೋಗುತ್ತದೆ, ಇಲ್ಲವೆ ತಾಗಬಾರದ ಕಡೆ ತಾಗುತ್ತದೆ. ದೂರದಿಂದ ಬಾಣ ಬಿಡಬೇಡ, ತಲೆಯೆತ್ತಿ ಎಚ್ಚರಗೊಂಡ ಜಿಂಕೆಗೆ ಬಿಡಬೇಡ ಎಂದು ಹಳಬರು ಹೇಳುವುದು ಈ ಲೆಕ್ಕದ ಮೇಲೆ.

ಕೋವಿಯ ಗುಂಡು ಆಘಾತದಿಂದ ಕೊಲ್ಲುತ್ತದೆ, ಬಾಣ ರಕ್ತಸ್ರಾವದಿಂದ. ಕ್ಷೌರದ ಕತ್ತಿಯಷ್ಟು ಹರಿತವಾದ ‘ಬ್ರಾಡ್‌ಹೆಡ್’ ಮೊನೆ ಎರಡೂ ಶ್ವಾಸಕೋಶಗಳನ್ನು ದಾಟಿದರೆ ಜಿಂಕೆ ನೂರು ಮೀಟರಿನೊಳಗೆ, ಕೆಲವೇ ಸೆಕೆಂಡುಗಳಲ್ಲಿ ಉರುಳುತ್ತದೆ. ಆದರೂ ಬೇಟೆಗಾರ ತಕ್ಷಣ ಮರ ಇಳಿಯುವುದಿಲ್ಲ. ಅರ್ಧ ಗಂಟೆ ಕಾಯುತ್ತಾನೆ. ಆಮೇಲೆ ಬಾಣ ಹುಡುಕಿ ರಕ್ತ ಪರೀಕ್ಷಿಸುತ್ತಾನೆ. ನೊರೆಗೂಡಿದ ತಿಳಿಗೆಂಪಾದರೆ ಶ್ವಾಸಕೋಶ. ಕಪ್ಪುಗೆಂಪಾದರೆ ಯಕೃತ್ತು, ಕೆಲವು ಗಂಟೆ ಬಿಡಬೇಕು. ಹಸಿರು ಕಲ್ಮಶ, ಕೆಟ್ಟ ವಾಸನೆ ಇದ್ದರೆ ಬಾಣ ಹೊಟ್ಟೆಗೆ ಬಿದ್ದಿದೆ. ಈಗ ಬೆನ್ನಟ್ಟಿದರೆ ಅದು ನೋವಿನಲ್ಲೇ ಮೈಲಿಗಟ್ಟಲೆ ಓಡಿ ಸಿಗದೇ ಹೋಗುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗಿ ಸಾಯುತ್ತದೆ. ಎಂಟು ಹತ್ತು ಗಂಟೆ ಕಾಯುವುದೇ ಆಗ ಉಳಿದಿರುವ ದಾರಿ, ಸೆಪ್ಟೆಂಬರಿನ ಸೆಕೆಯಲ್ಲಿ ಮಾಂಸ ಕೆಡುವ ಭಯವಿದ್ದರೂ. ಹೀಗೆ ಗಾಯಗೊಂಡು ಎಂದೂ ಸಿಗದ ಜಿಂಕೆಗಳು ಪ್ರತಿ ಋತುವಿನಲ್ಲೂ ಇವೆ. ಬಿಲ್ಲಿನ ಬೇಟೆಯ ವಿರುದ್ಧದ ಅತ್ಯಂತ ಬಲವಾದ ವಾದ ಇದೇ, ಇದಕ್ಕೆ ಪೂರ್ತಿ ಉತ್ತರ ಯಾರ ಬಳಿಯೂ ಇಲ್ಲ. ಅಭ್ಯಾಸ, ಹತ್ತಿರದ ಗುರಿ, ಹರಿತ ಮೊನೆ, ವಾಸನೆ ಹಿಡಿದು ಜಾಡು ತೋರುವ ನಾಯಿ ಇವೆಲ್ಲ ಆ ಸಂಖ್ಯೆಯನ್ನು ತಗ್ಗಿಸಬಲ್ಲವು, ಸೊನ್ನೆಯಾಗಿಸಲಾರವು. ಹೊಡೆಯಬಹುದಾಗಿದ್ದ ಬಾಣವನ್ನು ಬಿಡದೆ ಹೆದೆ ಸಡಿಲಿಸಿದವನ ಬಗ್ಗೆ ನನಗೆ ಗೌರವ ಹೆಚ್ಚು.

ಕೋವಿಯ ಯುಗದಲ್ಲಿ ಬಿಲ್ಲು ಮತ್ತೆ ಬಂದದ್ದು ಹೇಗೆ ಎಂಬುದು ನೋವಿನ ಕಥೆ. 1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಊರಿನ ಕಸಾಯಿಖಾನೆಯ ದೊಡ್ಡಿಯ ಬಳಿ ಹಸಿವಿನಿಂದ ಬಳಲಿದ ಒಬ್ಬ ಮನುಷ್ಯ ಸಿಕ್ಕಿದ. ಬಿಳಿಯ ವಲಸಿಗರ ಸಾಮೂಹಿಕ ಹತ್ಯೆಗಳಲ್ಲಿ ಅಳಿದುಹೋದ ಯಾಹಿ ಜನಾಂಗದ ಕೊನೆಯವ. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ; ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ‘ಇಶಿ’ ಎಂದು ಕರೆದರು. ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ವಾಸ. ಪಕ್ಕದ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕ ಸ್ಯಾಕ್ಸ್‌ಟನ್ ಪೋಪ್ ಅವನಿಗೆ ಮದ್ದು ಕೊಡಲು ಬಂದು ಗೆಳೆಯನಾದರು, ಅವನಿಂದ ಬಿಲ್ಲು ಕೆತ್ತುವುದು, ಬಾಣಕ್ಕೆ ಗರಿ ಕಟ್ಟುವುದು, ಹೊಂಚುವುದು ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಪೋಪ್ 1923ರಲ್ಲಿ ಬರೆದ ಬಿಲ್ಲುಬೇಟೆಯ ಪುಸ್ತಕ ಒಂದು ತಲೆಮಾರನ್ನೇ ಸೆಳೆಯಿತು. ಪೋಪ್ ಜೊತೆಗಾರ ಆರ್ಟ್ ಯಂಗ್ ಅವರ ಅಲಾಸ್ಕಾ ಚಲನಚಿತ್ರ ನೋಡಿದ ಡೆಟ್ರಾಯಿಟ್‌ನ ಕಾರ್ಮಿಕ ಫ್ರೆಡ್ ಬೇರ್, ಮುಂದೆ 1933ರಲ್ಲಿ ಬಿಲ್ಲು ತಯಾರಿಕೆಯ ಕಂಪನಿಯನ್ನೇ ಕಟ್ಟಿದರು. ಇಂದು ಅಮೆರಿಕದಲ್ಲಿ ಬಿಲ್ಲೆತ್ತುವ ಲಕ್ಷಾಂತರ ಜನರ ವಿದ್ಯೆಯ ಒಂದು ಬೇರು, ಅದೇ ದೇಶ ನಿರ್ನಾಮ ಮಾಡಿದ ಜನಾಂಗದ ಕೊನೆಯ ಮನುಷ್ಯನ ಕೈಯಲ್ಲಿದೆ. ಬೇಟೆ ತರಬೇತಿಯ ಮೊದಲ ಪಾಠವಾಗಿ ಇದನ್ನು ಕಲಿಸಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

1934ರಲ್ಲಿ ವಿಸ್ಕಾನ್ಸಿನ್ ತನ್ನ ಎರಡು ಕೌಂಟಿಗಳಲ್ಲಿ, ಕೊಲಂಬಿಯ ಮತ್ತು ಸಾಕ್‌ಗಳಲ್ಲಿ, ಬಿಲ್ಲಿಗೇ ಮೀಸಲಾದ ಋತು ತೆರೆಯಿತು. ಆಧುನಿಕ ಅಮೆರಿಕದಲ್ಲಿ ಅಂಥ ಮೊದಲ ಪ್ರಯೋಗ ಅದು. ಪರಿಸರ ಚಿಂತಕ ಆಲ್ಡೋ ಲಿಯೊಪೋಲ್ಡ್ ಆ ಕಾಲದ ಬಿಲ್ಲುಬೇಟೆಗಾರರಲ್ಲಿ ಒಬ್ಬರು. ತಮ್ಮ ಬಿಲ್ಲನ್ನು ತಾವೇ ಕೆತ್ತುತ್ತಿದ್ದರು. ಪತ್ನಿ ಎಸ್ಟೆಲಾ ರಾಜ್ಯದ ಬಿಲ್ಲುಗಾರಿಕೆ ಚಾಂಪಿಯನ್. ‘ಸ್ಯಾಂಡ್ ಕೌಂಟಿ ಆಲ್ಮನಾಕ್’ ಬರೆದ ಈತ ಯೌವನದಲ್ಲಿ ತೋಳಗಳನ್ನು ಕೊಂದರೆ ಜಿಂಕೆ ಹೆಚ್ಚುತ್ತವೆ, ಬೇಟೆಗಾರರಿಗೆ ಸ್ವರ್ಗ ಎಂದು ನಂಬಿದ್ದರು. ತೋಳವಿಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಪ್ರತಿ ಚಿಗುರನ್ನೂ ಮೇದು, ಕೊನೆಗೆ ತಾವೇ ಹಸಿದು ಸತ್ತದ್ದನ್ನು ಕಂಡು ನಿಲುವು ಬದಲಿಸಿದರು. 1940ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಹೆಣ್ಣು ಜಿಂಕೆಗಳನ್ನೂ ಕಡಿಮೆ ಮಾಡಬೇಕು ಎಂದು ಅವರು ಹೇಳಿದಾಗ ಬೇಟೆಗಾರರೇ ಅವರ ಮೇಲೆ ಮುಗಿಬಿದ್ದರು.

ಕನ್ನಡದ ಓದುಗರಿಗೆ ಇಲ್ಲಿ ಕಸಿವಿಸಿಯಾಗುವುದು ಸಹಜ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿಗಳ ನಂತರ ಜಿಂಕೆ ಬೇಟೆ ನೇರವಾಗಿ ಜೈಲಿನ ದಾರಿ. ಅದು ಸರಿಯೇ ಆಗಿದೆ. ಬಂಡೀಪುರ, ನಾಗರಹೊಳೆಗಳಲ್ಲಿ ಜಿಂಕೆಯ ಲೆಕ್ಕ ನೋಡಿಕೊಳ್ಳಲು ಹುಲಿ, ಚಿರತೆ, ಸೀಳುನಾಯಿ ಇವೆ. ವಿಸ್ಕಾನ್ಸಿನ್‌ನ ತೋಳಗಳು ಇಪ್ಪತ್ತನೇ ಶತಮಾನದ ನಡುವಿಗೆ ನಿರ್ನಾಮವಾಗಿ, 1970ರ ದಶಕದಿಂದ ತಾವಾಗಿಯೇ ಮರಳಿ ಈಗ ಸಾವಿರದಷ್ಟಾಗಿವೆ. ಅವಿರುವುದು ಹೆಚ್ಚಾಗಿ ಉತ್ತರದ ಕಾಡಿನಲ್ಲಿ. ಜೋಳದ ಹೊಲ, ಊರು, ಹೆದ್ದಾರಿಗಳ ದಕ್ಷಿಣದಲ್ಲಿ ಜಿಂಕೆಗೆ ಮನುಷ್ಯ ಮತ್ತು ಮೋಟಾರು ವಾಹನ ಬಿಟ್ಟರೆ ದೊಡ್ಡ ಶತ್ರುವಿಲ್ಲ. ಅಲ್ಲಿ ಜಿಂಕೆ ಮಿತಿಮೀರಿದರೆ ಎಳೆ ಓಕ್ ಸಸಿಗಳು, ಟ್ರಿಲಿಯಂ ಹೂಗಿಡಗಳು ಮೇಲೇಳುವುದೇ ಇಲ್ಲ. ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿಗೆ ಪೊದೆಯೇ ಇಲ್ಲ. ಹೆಣ್ಣನ್ನು ಹೊಡೆದರೆ ಮರಿಯ ಗತಿ ಏನು ಎಂಬ ಪ್ರಶ್ನೆಯೂ ಏಳುತ್ತದೆ. ಮೇ-ಜೂನ್‌ನಲ್ಲಿ ಹುಟ್ಟಿದ ಮರಿ ಸೆಪ್ಟೆಂಬರ್ ಮಧ್ಯಕ್ಕೆ ಚುಕ್ಕೆ ಕಳೆದುಕೊಂಡು, ಮೇವಿನ ಮೇಲೇ ಬದುಕಬಲ್ಲ ಸ್ಥಿತಿಗೆ ಬಂದಿರುತ್ತದೆ. ಋತುವಿನ ದಿನಾಂಕ ಇಡುವಾಗ ಇಂಥ ಜೀವಶಾಸ್ತ್ರವೂ ಲೆಕ್ಕಕ್ಕಿದೆ. ಇಷ್ಟು ತಿಳಿದ ಮೇಲೂ ಕೊಲ್ಲುವುದು ಕೂಡದು ಎನ್ನುವವರ ನಿಲುವು ನನಗೆ ಅರ್ಥವಾಗುತ್ತದೆ.

ಪರಭಕ್ಷಕರಿಲ್ಲದ ಜಿಂಕೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮದೇ ಚುಕ್ಕೆ ಜಿಂಕೆ ಸಾಕ್ಷಿ. 1860ರ ದಶಕದ ಕೊನೆಯಲ್ಲಿ ಹವಾಯಿಯ ದೊರೆ ಐದನೇ ಕಮೆಹಮೆಹನಿಗೆ ಹಾಂಗ್‌ಕಾಂಗ್‌ನಿಂದ ಉಡುಗೊರೆಯಾಗಿ ಭಾರತ ಮೂಲದ ಬೆರಳೆಣಿಕೆಯ ಚುಕ್ಕೆ ಜಿಂಕೆಗಳು ಹೋದವು. ಮೊಲೊಕಾಯಿ ದ್ವೀಪದಿಂದ ಲಾನಾಯಿ, ಮಾವಿ ದ್ವೀಪಗಳಿಗೆ ಹಬ್ಬಿ ಈಗ ಅಲ್ಲಿನ ಮೂಲ ಸಸ್ಯಗಳನ್ನು, ನೀರಿನ ಸೆಲೆ ಕಾಯುವ ಕಾಡನ್ನು ಮೇದು ಮುಗಿಸುತ್ತಿವೆ. ಬಂಡೀಪುರದ ರಸ್ತೆಬದಿಯಲ್ಲಿ ನಾವು ಕಾರು ನಿಲ್ಲಿಸಿ ನೋಡುವ ಅದೇ ಪ್ರಾಣಿಗೆ ಲಾನಾಯಿಯಲ್ಲಿ ಬಿಲ್ಲಿನ ಬೇಟೆಯ ಋತು ಇದೆ.

ವಿಸ್ಕಾನ್ಸಿನ್‌ನ ಓಪನರ್ ಮೇಲೆ ಈಗ ಕವಿದಿರುವ ದೊಡ್ಡ ನೆರಳು ಒಂದು ರೋಗ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಬೇಟೆಗಾರರ ಮಾತಿನಲ್ಲಿ ಸಿಡಬ್ಲ್ಯುಡಿ. 1967ರಲ್ಲಿ ಕೊಲರಾಡೋದ ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲು ಕಂಡದ್ದು, 2002ರಲ್ಲಿ ವಿಸ್ಕಾನ್ಸಿನ್‌ನ ಕಾಡುಜಿಂಕೆಗಳಲ್ಲಿ ಪತ್ತೆಯಾಯಿತು. ವೈರಸ್ಸೂ ಅಲ್ಲ, ಬ್ಯಾಕ್ಟೀರಿಯವೂ ಅಲ್ಲ. ಪ್ರಿಯಾನ್ ಎಂಬ ವಕ್ರಗೊಂಡ ಪ್ರೋಟೀನು ಮಿದುಳನ್ನು ತೂತುತೂತಾಗಿಸುತ್ತದೆ. ಔಷಧಿಯಿಲ್ಲ, ತಗುಲಿದ ಜಿಂಕೆ ಬದುಕುವುದಿಲ್ಲ, ಮಣ್ಣಿನಲ್ಲಿ ಪ್ರಿಯಾನ್ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ಅಂಟಿದ ದೃಢಪಟ್ಟ ಪ್ರಕರಣ ಇಲ್ಲ. ಆದರೂ ಸೋಂಕಿತ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಹಾಗಾಗಿ ಜಿಂಕೆ ಸಿಕ್ಕಿದವನು ಮರುದಿನ ಸಂಜೆ ಐದರೊಳಗೆ ಅದನ್ನು ಸರ್ಕಾರಕ್ಕೆ ನೋಂದಾಯಿಸಬೇಕಾದುದರ ಜೊತೆಗೆ, ರಸ್ತೆಬದಿಯ ಕಿಯೋಸ್ಕಿನಲ್ಲಿ ತಲೆಯನ್ನು ಪರೀಕ್ಷೆಗೆ ಬಿಟ್ಟು, ಫಲಿತಾಂಶ ಬರುವವರೆಗೆ ಮಾಂಸಕ್ಕೆ ಚೀಟಿ ಅಂಟಿಸಿ ಫ್ರೀಜರಿನಲ್ಲಿ ಕಾಯುವುದು ರೂಢಿಯಾಗಿದೆ. ಪರೀಕ್ಷೆ ಉಚಿತ, ಕಡ್ಡಾಯವಲ್ಲ. ಕಡ್ಡಾಯವಾಗಬೇಕು ಎನ್ನುವವರ ಪಕ್ಷದಲ್ಲಿ ನಾನಿದ್ದೇನೆ.

ಅಡ್ಡಬಿಲ್ಲಿನ ಜಗಳ ಇನ್ನೊಂದು. 2014ರಿಂದ ವಿಸ್ಕಾನ್ಸಿನ್‌ನಲ್ಲಿ ಯಾರು ಬೇಕಾದರೂ ಕ್ರಾಸ್‌ಬೋ ಬಳಸಬಹುದು. ಹೆದೆ ಮೊದಲೇ ಎಳೆದಿಟ್ಟು, ದುರ್ಬೀನಿನಲ್ಲಿ ನೋಡಿ ಕುದುರೆ ಒತ್ತುವ ಇದು ಬಿಲ್ಲೇ ಅಲ್ಲ ಎಂಬುದು ಹಳಬರ ಸಿಟ್ಟು. ಭುಜ ನೋವಿನ ಅರವತ್ತರ ಅಜ್ಜನಿಗೂ ಹತ್ತರ ಮೊಮ್ಮಗಳಿಗೂ ಕಾಡಿನ ಬಾಗಿಲು ತೆರೆದದ್ದು ಇದೇ ಎಂಬುದು ಎದುರುವಾದ. ಕ್ರಾಸ್‌ಬೋದಿಂದ ಬೀಳುವ ಜಿಂಕೆಗಳ ಸಂಖ್ಯೆ ಬಿಲ್ಲಿನದನ್ನು ಈಗಾಗಲೇ ಮೀರಿದೆ. ದುರ್ಬಲ ಆಯುಧ, ಹೆಚ್ಚು ದಿನ ಎಂಬ ಹಳೆಯ ಲೆಕ್ಕವನ್ನು ಮತ್ತೆ ಹಾಕಬೇಕಾದೀತು.

ಆದರೆ ಆಯುಧಕ್ಕಿಂತ ನೆಲದ ಪ್ರಶ್ನೆ ದೊಡ್ಡದು. ಪಶ್ಚಿಮದ ವಯೋಮಿಂಗ್‌ನಲ್ಲಿ 1862ರ ರೈಲು ಕಾಯ್ದೆಯ ಕಾಲದಿಂದ ಸರ್ಕಾರಿ ಮತ್ತು ಖಾಸಗಿ ಭೂಮಿ ಚದುರಂಗದ ಮನೆಗಳ ಹಾಗೆ ಹಂಚಿಹೋಗಿವೆ. ಒಂದು ಸರ್ಕಾರಿ ಚೌಕದಿಂದ ಇನ್ನೊಂದಕ್ಕೆ ಮೂಲೆಯಲ್ಲಷ್ಟೇ ದಾಟಬಹುದು. 2021ರಲ್ಲಿ ನಾಲ್ವರು ಬೇಟೆಗಾರರು ಅಂಥ ಮೂಲೆಯಲ್ಲಿ ಏಣಿಯಿಟ್ಟು, ಖಾಸಗಿ ನೆಲಕ್ಕೆ ಕಾಲು ತಾಗಿಸದೆ ದಾಟಿದರು. ನನ್ನ ಜಮೀನಿನ ಮೇಲಿನ ಗಾಳಿಯಲ್ಲಿ ಅತಿಕ್ರಮಣವಾಗಿದೆ ಎಂದು ಆ ಖಾಸಗಿ ನೆಲದ ಒಡೆಯ ಕೋರ್ಟಿಗೆ ಹೋದ. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ನಿಂತಿತು. ಅದೇ ವರ್ಷದ ಜೂನ್‌ನಲ್ಲಿ ಪಶ್ಚಿಮದ ರಾಜ್ಯಗಳಲ್ಲಿ ಲಕ್ಷಾಂತರ ಎಕರೆ ಸಾರ್ವಜನಿಕ ಭೂಮಿ ಮಾರುವ ಪ್ರಸ್ತಾಪವನ್ನು ಸೆನೆಟರ್ ಮೈಕ್ ಲೀ ಮುಂದಿಟ್ಟಾಗ, ಬೇಟೆಗಾರರು, ಮೀನುಗಾರರು, ಚಾರಣಿಗರು, ಪರಿಸರವಾದಿಗಳು ಒಟ್ಟಾಗಿ ವಿರೋಧಿಸಿದರು. ಬೇರೆ ಯಾವ ವಿಷಯದಲ್ಲೂ ಒಂದಾಗದ ಜನ. ತಿಂಗಳು ಮುಗಿಯುವ ಮೊದಲೇ ಪ್ರಸ್ತಾಪ ವಾಪಸಾಯಿತು. ಮೂರು ತಿಂಗಳೊಳಗೆ, ಸೆಪ್ಟೆಂಬರ್ 13ರ ಶನಿವಾರ, ವಿಸ್ಕಾನ್ಸಿನ್‌ನ ಬಿಲ್ಲುಗಾರರು ಎಂ‌ದಿನಂತೆ 24 ಡಾಲರಿನ ಪರವಾನಗಿ ಹಿಡಿದು ಕೌಂಟಿ ಅರಣ್ಯಗಳಿಗೆ ಹೋದರು.